ಇಯರ್‌ಫೋನ್ ವೈರು ಹರಿದ ಮೇಲೆ

ರಾಮಮೂರ್ತಿ ನಗರದ ನಮ್ಮ ವಠಾರದ ಸುದ್ದಿಯೆಲ್ಲ ನನಗೆ ಶರಣಮ್ಮನೇ ಫೋನಲ್ಲಿ ಹೇಳ್ತಿದ್ಲು. ಓನರಮ್ಮನ ಮನೆಯಲ್ಲಿ ಅಡುಗೆ ಮಾಡೋಳು. ಅವಳಿಗೆ ಗೊತ್ತಿಲ್ಲದ್ದು ಇನ್ನೇನಿರತ್ತೆ? ನನ್ನ ಕಿವಿ ಮಂದ, ಇಯರ್‌ಫೋನ್ ಇಲ್ಲದಿದ್ರೆ ಏನೂ ಕೇಳಿಸಲ್ಲ. ಅದರ ವೈರು ಹರಿದ ದಿನ ನಲ್ಲಿ ಹತ್ರ ನಿಂತು ಸ್ಪೀಕರ್ ಹಾಕ್ಬಿಟ್ಟೆ. ಓನರಮ್ಮನ ಮಗಳು ಯಾರೋ ಹೆಂಡ್ತಿ ಇರೋನ ಜೊತೆ ಸುತ್ತೋ ಕಥೆ ವಠಾರಕ್ಕೆಲ್ಲ ಕೇಳಿಸ್ತು, ಓನರಮ್ಮನಿಗೂ. ಸುಳ್ಳೇನಲ್ಲ ಬಿಡಿ. ಆದ್ರೆ ಶರಣಮ್ಮನ ಕೆಲಸ ಹೋಯ್ತು. ಅವತ್ತಿಂದ ನನ್ನ ಫೋನೇ ಎತ್ತಲ್ಲ.

ಶಿವಾಜಿನಗರದ ರಿಪೇರಿಯವನು, "ಅಮ್ಮಾ, ಇದನ್ನ ಬಿಸಾಕಿ, ಬ್ಲೂಟೂತ್ ತಗೊಳ್ಳಿ" ಅಂದ.

"ಆ ಅವರೆಕಾಳು ಚರಂಡಿಗೆ ಬಿದ್ರೆ ನಿಮ್ಮಪ್ಪ ಬಂದು ಎತ್ತಿಕೊಡ್ತಾನಾ? ಇದಕ್ಕೇ ಬೆಸುಗೆ ಹಾಕು."

ಗೊಣಗಿಕೊಂಡೇ ಹಾಕಿದ. ಸರಿಹೋಯ್ತಾ ನೋಡೋಣ ಅಂತ ಶರಣಮ್ಮನಿಗೇ ಫೋನ್ ಮಾಡಿದೆ. ಎತ್ತಲಿಲ್ಲ. ಅವನು ವೈರನ್ನ ತನ್ನ ಫೋನಿಗೆ ಸಿಗಿಸಿ ಅದೇ ನಂಬರ್ ಒತ್ತಿದ.

"ಹಲೋ, ಯಾರ್ರೀ?" ಪಕ್ಕದಲ್ಲೇ ಕೂತು ಮಾತಾಡಿದ ಹಾಗಿತ್ತು ಅವಳ ದನಿ.

"ನಾನೇ ಕಣೇ..."

"ಇನ್ನೂ ಯಾರ ಅನ್ನ ಕಿತ್ಕೋಬೇಕು ನಿನಗೆ?" ಅಂದವಳೇ ಕಟ್ ಮಾಡಿದಳು.

"ಚೆನ್ನಾಗಿ ಕೇಳಿಸ್ತಾ ಅಮ್ಮಾ?" ಅಂದ ರಿಪೇರಿಯವನು.

ಕೇಳಿಸ್ತಪ್ಪ. ಎರಡೂ ಕಿವಿಗೆ.