ಗಾಡಿ ಮುನಿವೆಂಕಟಯ್ಯನವರದು, ಹಸು ಮಾರಮ್ಮನವರದು

ಮಾರಮ್ಮನವರನ್ನು ನಾನು ಸುಮಾರು ದಿನ ಟೆಂಪೋ ಡ್ರೈವರ್ ಎಂದೇ ನಂಬಿದ್ದೆ. ಶೆಟ್ಟಿಹಳ್ಳಿಗೆ ನಾವು ಮನೆ ಬದಲಾಯಿಸಿಕೊಂಡು ಬಂದ ಹೊಸತು. ಬೆಳಿಗ್ಗೆ ಹಾಲಿಗೆ ಹೋಗುವಾಗ ನೋಡಿದರೆ, ಬೀದಿಯ ಕೊನೆಯ ಹೆಂಚಿನ ಮನೆಯ ಮುಂದೆ ಒಂದು ಸಣ್ಣ ಗೂಡ್ಸ್ ಟೆಂಪೋ. ಅದರ ಡ್ರೈವರ್ ಸೀಟಿನಲ್ಲಿ ಐವತ್ತು ದಾಟಿದ ಹೆಂಗಸು, ತೊಡೆಯ ಮೇಲೆ ಮೊರ, ಮೊರದ ತುಂಬ ಅವರೆಕಾಯಿ. ಸ್ಟೀರಿಂಗಿಗೆ ಒಂದು ಕೈಚೀಲ ನೇತುಹಾಕಿಕೊಂಡು ಸಿಪ್ಪೆಯನ್ನೆಲ್ಲ ಅದಕ್ಕೆ ಹಾಕುತ್ತಿದ್ದರು. ಬಾಡಿಗೆ ಸಿಗುವವರೆಗೂ ಕೈ ಸುಮ್ಮನಿರಿಸದ ಶ್ರಮಜೀವಿ ಎಂದುಕೊಂಡು ಮನಸ್ಸಿನಲ್ಲೇ ಅವರಿಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿಯನ್ನೂ ಕೊಟ್ಟಾಗಿತ್ತು.

ಒಂದು ದಿನ ನಮ್ಮ ಹಳೆಯ ಬೀರುವನ್ನು ರಾಜಾನುಕುಂಟೆಯ ತಮ್ಮನ ಮನೆಗೆ ಸಾಗಿಸಬೇಕಾಯಿತು. ನೇರವಾಗಿ ಹೋಗಿ ಕೇಳಿದೆ.

"ಬಾಡಿಗೆಗೆ ಬರ್ತೀರಾ ಅಮ್ಮಾ?"

"ನಂಗೆ ಓಡ್ಸಾಕ್ ಬರಾಕಿಲ್ಲ ಸಾಮಿ."

"ಮತ್ತೆ ದಿನಾ ಇಲ್ಲೇ ಕೂತಿರ್ತೀರಲ್ಲ?"

"ಓಡ್ಸಾಕ್ ಬರೋರು ಬಂದು ಕೂರ್ದೆ ಇರ್ಲಿ ಅಂತ."

ಓಡಿಸಲು ಬರುವವರು ಹಿಂದೆ ಜಗಲಿಯ ಮೇಲೆ ಕೂತು ಆಕಾಶ ನೋಡುತ್ತಿದ್ದರು. ಅವರೇ ಮುನಿವೆಂಕಟಯ್ಯ, ಮಾರಮ್ಮನವರ ಗಂಡ. ಸೋದರಮಾವನನ್ನೇ ಕಟ್ಟಿಕೊಂಡವರಾದ್ದರಿಂದ ಆಕೆ ಅವರನ್ನು ಇಂದಿಗೂ 'ಮಾಮ' ಎಂದೇ ಕರೆಯುವುದು, ಬೈಯುವಾಗಲೂ.

ಮುನಿವೆಂಕಟಯ್ಯನವರ ಕಸುಬು ಗೃಹಪ್ರವೇಶಕ್ಕೆ ಹಸು ಕರು ಒದಗಿಸುವುದು. ಯಲಹಂಕದಿಂದ ಯಶವಂತಪುರದವರೆಗೆ ದಿನಕ್ಕೊಂದು ಮನೆ ಏಳುತ್ತದೆ. ಮನೆಯೊಳಗೆ ಮೊದಲು ಕಾಲಿಡಲು ಹಸು ಬೇಕು. ಹಸು ಬರಲು ಗಾಡಿ ಬೇಕು. ಟೆಂಪೋದ ಹಿಂದೆ 'ಗೋಪ್ರವೇಶ ಸ್ಪೆಷಲಿಸ್ಟ್' ಎಂದು ಬರೆಸಿದ್ದರು. ಒಂದು ಅಪಾರ್ಟ್‌ಮೆಂಟಿನಲ್ಲಿ ಕರುವನ್ನು ಲಿಫ್ಟ್ ಹತ್ತಿಸಿ ನಾಲ್ಕನೇ ಮಹಡಿ ತಲುಪಿಸಿದ್ದು ಅವರ ಬದುಕಿನ ಶಿಖರ. "ನಾನ್ ಓಗ್ದೆ ಈ ಏರಿಯಾದಾಗೆ ಒಂದ್ ಮನೇಲೂ ಹಾಲು ಉಕ್ಕಾಕಿಲ್ಲ" ಎನ್ನುವುದು ಅವರ ಅಭಿಪ್ರಾಯ. ಹಾಲಿಗೆ ಬೇರೆ ಅಭಿಪ್ರಾಯವಿದ್ದಂತಿರಲಿಲ್ಲ, ಅದು ಉಕ್ಕುತ್ತಿತ್ತು.

ಹೆಸರಘಟ್ಟದ ಕಡೆ ಒಂದು ಗೃಹಪ್ರವೇಶ ಮುಗಿಸಿ ಬರುವಾಗ, ಮನೆಯವರ ನೆಂಟರು ಬಸ್ಸಿಲ್ಲವೆಂದು ಹಿಂದೆ ಹಸುವಿನ ಜೊತೆಗೇ ಹತ್ತಿಕೊಂಡರು. ದಾರಿಯಲ್ಲಿ ತಪಾಸಣೆ. ಸರಕಿನ ಗಾಡಿಯಲ್ಲಿ ಜನ ಸಾಗಿಸಿದ್ದಕ್ಕೆ ಲೈಸೆನ್ಸು ಮೂರು ತಿಂಗಳು ಅಮಾನತಾಯಿತು. "ಹಸ ನಿಂತ್ರೆ ಸರಿ, ಮನುಷ್ಯರು ನಿಂತ್ರೆ ತಪ್ಪಾ? ಹಸಕ್ಕಿಂತ ಮನುಷ್ಯ ಕಡಿಮೆಯಾ?" ಎಂದು ಅವರು ಆರ್‌ಟಿಒ ಕಚೇರಿಯಲ್ಲಿ ಅಧಿಕಾರಿಯ ಮುಂದೆ ವಾದಿಸಿದರಂತೆ. ಅಧಿಕಾರಿ ಶಾಂತವಾಗಿಯೇ ವಿವರಿಸಿದರು: ಈ ಮೂರು ತಿಂಗಳೊಳಗೆ ಮತ್ತೆ ಸ್ಟೀರಿಂಗ್ ಹಿಡಿದು ಸಿಕ್ಕಿಬಿದ್ದರೆ ಲೈಸೆನ್ಸೇ ರದ್ದಾಗಬಹುದು, ಗಾಡಿಯೂ ಠಾಣೆ ಸೇರುತ್ತದೆ, ಯಾರಿಗಾದರೂ ಗುದ್ದಿದರೆ ಇನ್ಶೂರೆನ್ಸನ್ನೂ ನಂಬುವಂತಿಲ್ಲ.

"ನಾನೂ ಜೊತ್ಗೆ ಓಗಿದ್ದೆ ಸಾಮಿ" ಎಂದರು ಮಾರಮ್ಮ. "ಅವ್ರು ಯೋಳಿದ್ದು ನಂಗೆ ಕೇಳಿಸ್ತು. ಇವ್ರಿಗೆ ಕೇಳಿಸ್ಲಿಲ್ಲ."

ಕೇಳಿಸದೆ ಇರಲಿಲ್ಲ. ಆದರೆ ಮುನಿವೆಂಕಟಯ್ಯ ಅದಕ್ಕೆ ತಮ್ಮದೇ ಭಾಷ್ಯ ಬರೆದುಕೊಂಡಿದ್ದರು. ಅವರ ಪ್ರಕಾರ ನಿಷೇಧವಿರುವುದು ರೋಡಿನಲ್ಲಿ. ಶೆಟ್ಟಿಹಳ್ಳಿಯಲ್ಲಿರುವುದು ರೋಡಲ್ಲ. ಅವರ ಅಪ್ಪನ ಕಾಲದಲ್ಲಿ ಇಲ್ಲೆಲ್ಲ ಹೊಲ. ಲೇಔಟಿನವರು ಬಂದು ಮೇಲೆ ಒಂದಿಷ್ಟು ಡಾಂಬರು ಸುರಿದ ಮಾತ್ರಕ್ಕೆ ಹೊಲ ರೋಡಾಗಿಬಿಡುತ್ತದೆಯೇ?

"ಲೇ ಮಾರಿ, ಇಳಿ ಕೆಳಗೆ. ಇದು ನಮ್ಮಪ್ಪನ ರಾಗಿ ಹೊಲ ಕಣೆ. ನಮ್ ಹೊಲ್ದಾಗೆ ಗಾಡಿ ಓಡ್ಸಾಕೆ ನಂಗ್ಯಾಕೆ ಲೈಸೆನ್ಸು?"

"ಹೊಲ ಅಂದ್ರೆ ನೇಗ್ಲು ಕಟ್ಟು ಮಾಮ. ನಾನೇ ಬಂದು ಬಿತ್ತೀನಿ."

"ಮೇನ್ ರೋಡ್‌ಗಂಟ ಅಷ್ಟೇ."

"ಮೇನ್ ರೋಡ್‌ಗಂಟ ಓದ ಗಾಡಿ ಅಲ್ಲೇ ನಿಂತು ನಮಸ್ಕಾರ ಮಾಡಿ ವಾಪಸ್ ಬತ್ತದಾ?"

ಇಂಥ ಮಾತು ಬಂದಾಗಲೆಲ್ಲ ಮುನಿವೆಂಕಟಯ್ಯ ಒಳಗೆ ಹೋಗಿ ನೀರು ಕುಡಿಯುತ್ತಿದ್ದರು. ಆ ತಿಂಗಳುಗಳಲ್ಲಿ ತುಂಬ ನೀರು ಕುಡಿದರು.

ಕಸುಬು ನಿಲ್ಲಬಾರದೆಂದು ಮಾರಮ್ಮ ಪಕ್ಕದ ಬೀದಿಯ ಖಾದರ್ ಬಾಷಾನನ್ನು ಗೊತ್ತುಮಾಡಿದರು. ಬಾಷಾ ಓಡಿಸುವುದು, ಮುನಿವೆಂಕಟಯ್ಯ ಪಕ್ಕದಲ್ಲಿ ಕೂರುವುದು. ಕೂರುವುದು ಎಂದರೆ ಬರೀ ಕೂರುವುದಲ್ಲ. ತಿರುವು ಬಂದಾಗ ಇವರೂ ವಾಲುತ್ತಿದ್ದರು, ಹಂಪ್ ಬಂದಾಗ ಇಲ್ಲದ ಬ್ರೇಕನ್ನು ಕಾಲಲ್ಲಿ ತುಳಿಯುತ್ತಿದ್ದರು. "ಅಣ್ಣಾ, ನೀವು ತುಳಿದೂ ತುಳಿದೂ ಗಾಡಿಗೆ ತೂತು ಬೀಳ್ತದೆ, ಕಾಲು ಮೇಲಿಟ್ಕೊಳ್ಳಿ" ಎಂದು ಬಾಷಾ ಕೈಮುಗಿದಿದ್ದನಂತೆ. ಬಾಡಿಗೆ ಇಲ್ಲದ ದಿನ ಅವರ ಚಾಲನಾ ಪ್ರತಿಭೆಯೆಲ್ಲ ಅಡುಗೆಮನೆಗೆ ತಿರುಗುತ್ತಿತ್ತು. ಮುದ್ದೆ ತಿರುವುವಾಗ "ಲೆಫ್ಟು ಸ್ವಲ್ಪ, ಲೆಫ್ಟು ಒತ್ತು" ಎನ್ನುವರು. ಕೊಡ ಹೊತ್ತು ಬಾಗಿಲು ದಾಟುವಾಗ "ಬಾ ಬಾ ಬಾ... ಸಾಕು" ಎಂದು ಕೈ ತೋರುವರು. ಮಾರಮ್ಮ ಕೊಡವನ್ನು ಅಲ್ಲೇ ಇಳಿಸಿ, "ಮಾಮ, ಓಗಿ ಜಗಲಿ ಮೇಲೆ ಪಾರ್ಕ್ ಆಗು" ಎಂದದ್ದನ್ನು ನಾನೇ ಕೇಳಿದ್ದೇನೆ.

ಕೊನೆಗೂ ಕಷ್ಟದ ಬೆಳಿಗ್ಗೆ ಬಂತು. ಮೇನ್ ರೋಡಿನಾಚೆಯ ಹೊಸ ಲೇಔಟಿನಲ್ಲಿ ಅನಂತರಾಜು ಎಂಬ ಕಂಟ್ರಾಕ್ಟರರ ಮನೆಯ ಗೃಹಪ್ರವೇಶ. ದೊಡ್ಡ ಕುಳ, ಅವರು ಕಟ್ಟುವ ಪ್ರತಿ ಮನೆಗೂ ಹಸು ಇವರದೇ. ಹೊರಡುವ ಹೊತ್ತಿಗೆ ಖಾದರ್ ಬಾಷಾನ ಫೋನು: "ಜ್ವರ ಅಣ್ಣಾ, ತಲೆ ಎತ್ತಕ್ಕೂ ಆಗ್ತಿಲ್ಲ." ಬೇರೆ ಟೆಂಪೋದವರು ಸಗಣಿಯ ಭಯಕ್ಕೆ ಹಸು ಹತ್ತಿಸಿಕೊಳ್ಳುವುದಿಲ್ಲ. ಮಾರಮ್ಮ ಹಿತ್ತಲಲ್ಲಿ ಹಸುವಿನ ಮೈತೊಳೆದು ಕೊಂಬಿಗೆ ಅರಿಶಿನ ಹಚ್ಚುತ್ತಿದ್ದರು. ಸೀಟು ಖಾಲಿ. ನಾನು ಹಾಲಿಗೆಂದು ಬಂದವನು ನೋಡಿದರೆ, ಮುನಿವೆಂಕಟಯ್ಯ ಸ್ಟೀರಿಂಗ್ ಹಿಡಿದು ಕೂತಿದ್ದಾರೆ, ಇಂಜಿನ್ ಗುರುಗುಟ್ಟುತ್ತಿದೆ, ಮುಖದಲ್ಲಿ ಪಟ್ಟಾಭಿಷೇಕದ ಕಳೆ.

ಹಸು ಕರುವನ್ನು ಹಿಡಿದುಕೊಂಡು ಬಂದ ಮಾರಮ್ಮ ನಿಂತು ನೋಡಿದರು. ಇನ್ನು ಬೀದಿ ಸೇರುವಂಥ ಜಗಳವಾಗುತ್ತದೆ ಎಂದು ನಾನು ಹಾಲಿನ ಪಾತ್ರೆ ಹಿಡಿದು ಗೋಡೆಗೊರಗಿದೆ.

"ಹತ್ಸು ಮಾರಿ, ಬೇಗ. ಮೂರ್ತ ಮೀರೋಯ್ತದೆ" ಎಂದರು ಮುನಿವೆಂಕಟಯ್ಯ. "ಇವತ್ತೊಂದಿನ. ಅನಂತರಾಜು ನನ್ನ ಮೇಲೆ ನಂಬ್ಕೆ ಇಟ್ಟವ್ನೆ. ನಾನ್ ಓಗ್ಲಿಲ್ಲ ಅಂದ್ರೆ ಮರ್ವಾದೆ ಏನಾಯ್ತದೆ?"

"ಗಾಡಿ ಯಾರ್ದು ಮಾಮ?"

"ನಂದು."

"ಹಸ ಯಾರ್ದು?"

ಅವರು ಸ್ಟೀರಿಂಗ್ ಮೇಲಿನ ಧೂಳು ಒರೆಸಿದರು. ಹಸು ಮಾರಮ್ಮನವರದು, ತವರಿನಿಂದ ಬಂದ ಹಸುವಿನ ಮೊಮ್ಮಗಳು. "...ನಿಂದು."

"ಅವ್ರು ಕರ್ದಿರೋದು ಹಸೂನ. ಗಾಡೀನೂ ಅಲ್ಲ, ನಿನ್ನೂ ಅಲ್ಲ. ನಾನ್ ಇದ್ನ ನಡ್ಸ್ಕೊಂಡು ಓಯ್ತೀನಿ. ನೀನ್ ಬೇಕಾದ್ರೆ ಖಾಲಿ ಗಾಡಿ ತಗೊಂಡ್ ಬಾ. ಪೋಲೀಸ್ನೋರು ಹಿಡುದ್ರೆ ಏನ್ ಕೆಲ್ಸ ಅಂತ ಕೇಳ್ತಾರೆ. ಗೋಪ್ರವೇಶ ಅನ್ನು. ಗೋವು ಎಲ್ಲಿ ಅಂತಾರೆ. ಎಂಡ್ರು ಜೊತೆ ನಡ್ಕೊಂಡ್ ಓಯ್ತು ಅನ್ನು."

ಹೇಳಿ, ಆಕೆ ಹೊರಟೇಬಿಟ್ಟರು. ಹಸು ಗಂಭೀರವಾಗಿ ಹಿಂಬಾಲಿಸಿತು. ಕರು ಮಾತ್ರ ಒಂದು ಗಳಿಗೆ ಟೆಂಪೋದ ಹತ್ತಿರ ನಿಂತು, ಮೂತಿ ಎತ್ತಿ, ಆಮೇಲೆ ಬಾಲ ನಿಗುರಿಸಿಕೊಂಡು ತಾಯಿಯ ಹಿಂದೆ ಓಡಿತು.

ಮುನಿವೆಂಕಟಯ್ಯ ಕೂತೇ ಇದ್ದರು. ಒಮ್ಮೆ ಹಾರ್ನ್ ಮಾಡಿದರು. ಯಾರೂ ತಿರುಗಲಿಲ್ಲ. ಕನ್ನಡಿಯಲ್ಲಿ ಹಿಂದಿನ ಖಾಲಿ ತೊಟ್ಟಿ ನೋಡಿದರು. ನನ್ನ ಕಡೆ ನೋಡಿದರು. ನಾನು ಹಾಲಿನ ಪಾತ್ರೆಯೊಳಗೆ ನೋಡಿದೆ. ಕೊನೆಗೆ ಇಂಜಿನ್ ನಿಲ್ಲಿಸಿ, ಇಳಿದು, ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿದರು.

"ಕರು ಒಂದೇ ಬಿಟ್ರೆ ಮೇನ್ ರೋಡ್‌ನಾಗೆ ಅಡ್ಡಾದಿಡ್ಡಿ ಓಡ್ತದೆ ಸಾರ್" ಎಂದರು ನನಗೆ. "ಟ್ರಾಫಿಕ್ ಅಂದ್ರೆ ಅವ್ಳಿಗೇನ್ ಗೊತ್ತು? ಅನುಭವ ಇರೋನು ಒಬ್ಬ ಬೇಕು."

ಪಂಚೆ ಎತ್ತಿಕಟ್ಟಿ ಓಡಿದರು. ಮೇನ್ ರೋಡಿನಲ್ಲಿ ಅವರು ಕೈ ಚಾಚಿ ಬಸ್ಸು, ಕಾರು, ಸ್ಕೂಟರುಗಳನ್ನೆಲ್ಲ ನಿಲ್ಲಿಸಿ ಹಸು ಕರುವನ್ನೂ ಹೆಂಡತಿಯನ್ನೂ ದಾಟಿಸಿದ್ದನ್ನು ನೋಡಿದವರು ಸ್ಪೆಷಲ್ ಡ್ಯೂಟಿಯ ಟ್ರಾಫಿಕ್ ಪೊಲೀಸರು ಎಂದುಕೊಂಡರಂತೆ. ಹಸು ಸಮಯಕ್ಕೆ ಮುಂಚೆಯೇ ಹೊಸಿಲು ದಾಟಿತು. ನಡೆದು ಬಂದ ಹಸು ಇನ್ನೂ ಶ್ರೇಷ್ಠ ಎಂದು ಪುರೋಹಿತರು ಹೇಳಿದ ಮೇಲೆ, ನಡೆಸಿಕೊಂಡು ಹೋಗುವ ಯೋಚನೆ ಮೊದಲಿನಿಂದಲೂ ತಮ್ಮದೇ ಆಗಿತ್ತೆಂದು ಮುನಿವೆಂಕಟಯ್ಯ ಬೀದಿಗೆಲ್ಲ ತಿಳಿಸಿದರು. ಮಾರಮ್ಮ ಅಲ್ಲಗಳೆಯಲಿಲ್ಲ. ಅಂದಿನಿಂದ ಅವರೆಕಾಯಿಯನ್ನು ಜಗಲಿಯ ಮೇಲೇ ಸುಲಿಯತೊಡಗಿದರು, ಸೀಟು ಕಾಯುವ ಅಗತ್ಯ ಬೀಳಲಿಲ್ಲ.

ಅವಧಿ ಮುಗಿದು ಲೈಸೆನ್ಸು ಕೈಗೆ ಬಂದ ದಿನ ಗಂಡ ಬೆಳಿಗ್ಗೆಯೇ ಟೆಂಪೋ ತೊಳೆದು ಹೊರಟುಹೋದರು. ಮಾರಮ್ಮ ಗೇಟಿನ ಹತ್ತಿರ ನಿಂತು ಗಾಡಿ ಮರೆಯಾಗುವವರೆಗೂ ನೋಡಿದರು. ಆ ದೃಶ್ಯಕ್ಕೆ ನನ್ನ ಮನಸ್ಸು ಕರಗಿತು. ಕರಗಿದಾಗ ನಾನು ಕೇಳುವ ಪ್ರಶ್ನೆಗಳೂ ಹಾಗೇ ಇರುತ್ತವೆ.

"ಅವರ ಮೇಲೆ ನಿಮಗೆ ಅದೆಷ್ಟು ಪ್ರೀತಿ ಅಲ್ವಾ ಮಾರಮ್ಮನವರೇ?"

"ಪ್ರೀತಿನೂ ಇಲ್ಲ ಪಾಯ್ಸಾನೂ ಇಲ್ಲ ಸಾಮಿ" ಎಂದರು ಮಾರಮ್ಮ. "ಲೈಸೆನ್ಸು ಪೂರ್ತಿ ಕಿತ್ಕೊಂಡಿದ್ರೆ ಸಾಯೋಗಂಟ ಮನೇಲೇ ಇರ್ತಿದ್ರು. ಮೂರ್ ತಿಂಗ್ಳಿಗೇ ನಂಗೆ ಸಾಕಾಗೋಯ್ತು."