ರಾಣಿ ತವರಿಗೆ ಹೋದ ಕಾರಣ

ನಾನು ಪರದೇಶಕ್ಕೆ ಹೋದದ್ದು ನೀರೆತ್ತುವ ಪಂಪುಗಳ ವಿಚಾರ ಓದಲು. ಹೋಗಿ ಇಳಿದ ಮೇಲೆ ಗೊತ್ತಾಯಿತು, ಹೊರಗಿನಿಂದ ಬಂದವರೆಲ್ಲ ಆ ನಾಡಿನ ಇತಿಹಾಸದ ಒಂದು ಪೇಪರನ್ನೂ ಪಾಸು ಮಾಡಲೇಬೇಕಂತೆ. ಪಂಪಿಗೂ ರಾಜರಿಗೂ ಏನು ಸಂಬಂಧ ಎಂದು ಕೇಳಿದ್ದಕ್ಕೆ ಕಚೇರಿಯ ಗುಮಾಸ್ತ, "ರಾಜರೂ ನೀರು ಕುಡೀತಿದ್ರಲ್ಲಮ್ಮ" ಎಂದು ನನ್ನ ಬಾಯಿ ಮುಚ್ಚಿಸಿದ. ಪುಸ್ತಕ ಕೊಟ್ಟರೆ ಓದುವುದಿಲ್ಲವೆಂದು ಅನುಭವದಿಂದ ತಿಳಿದಿತ್ತೋ ಏನೋ, ಪಾಠವೆಲ್ಲ ಬಸ್ಸಿನಲ್ಲೇ. ಶನಿವಾರ ಬಂತೆಂದರೆ ಇಪ್ಪತ್ತು ಚಿಲ್ಲರೆ ಜನರನ್ನು ತುಂಬಿಕೊಂಡು ಕೋಟೆಗೋ ಅರಮನೆಗೋ ಗೋರಿಗೋ ಹೊರಡುತ್ತಿದ್ದರು. ವರ್ಷದ ನಡುವೆ, ನೋಡಿದ್ದು ಕೇಳಿದ್ದನ್ನೆಲ್ಲ ಒಂದು ಪ್ರಬಂಧ ಮಾಡಿ ಇತಿಹಾಸದ ಮೇಡಂ ಕೈಗೆ ಕೊಡಬೇಕು.

ನಮ್ಮ ಬಸ್ಸಿಗೆ ಗೊತ್ತುಮಾಡಿದ್ದ ಗೈಡಿಗೆ ನಾವು ಇಟ್ಟ ಹೆಸರು ಮಹಾರಾಜ. ಐವತ್ತರ ಆಸುಪಾಸಿನ ಮನುಷ್ಯ. ಬೋಳಾಗುತ್ತಿದ್ದ ತಲೆ, ಒಂದು ಕಡೆ ಸವೆದ ಹಿಮ್ಮಡಿಯ ಬೂಟು, ಜನ ಚೆದುರಿಹೋಗದಂತೆ ಎತ್ತಿ ಹಿಡಿಯಲು ತುದಿಗೆ ಕೆಂಪು ಬಟ್ಟೆ ಕಟ್ಟಿದ ಕೋಲು. ಒಂದು ಕಾಲಕ್ಕೆ ಅರಮನೆಯ ಎದುರಿನ ಚಹಾದಂಗಡಿಯಲ್ಲಿ ಲೋಟ ತೊಳೆಯುತ್ತಿದ್ದವನಂತೆ. ಚಹಾ ಕೊಡುವಾಗ ಗಿರಾಕಿಗಳಿಗೆ ಅದೂ ಇದೂ ಹೇಳುತ್ತ ಚಹಾ ಆರಿಸಿಬಿಡುತ್ತಿದ್ದ. ಆಗಿನ ಹಿರಿಯ ಗೈಡು ಇದನ್ನು ನೋಡಿ, "ಈ ಬಾಯಿ ಅಂಗಡೀಲಿ ದಂಡ" ಎಂದು ಕರೆತಂದು ಕೆಲಸ ಕಲಿಸಿದ. ನಾಲ್ಕು ವರ್ಷ ಬಿಟ್ಟು ಮಗಳನ್ನೂ ಕೊಟ್ಟ. ಹೀಗೆ ಕಸುಬು, ಕೋಲು, ಹೆಂಡತಿ, ಮೂರೂ ಒಂದೇ ಮನೆಯಿಂದ ಬಂದದ್ದು.

ಮಹಾರಾಜನ ರೀತಿಯೇ ಬೇರೆ. ಇಸವಿ, ಯುದ್ಧ, ಒಪ್ಪಂದ ಇವುಗಳ ಗೊಡವೆಗೇ ಹೋಗುತ್ತಿರಲಿಲ್ಲ. ಇಂದು ಬೆಳಗ್ಗೆ ತಾನೇ ರಾಜನ ಮನೆಗೆ ಹೋಗಿ ಬಂದವನ ಹಾಗೆ ಶುರುಮಾಡುತ್ತಿದ್ದ. "ರಾಜ ಇವತ್ತು ಬಹಳ ಖುಷಿಯಾಗಿದಾನೆ. ಯಾಕೆ? ಹೊಸ ಅಂಗಿ! ರಾಣಿ ತಾನೇ ಕೂತು ಗುಂಡಿ ಹೊಲಿದಿದಾಳೆ." ನಾವು ಆ ಕಲ್ಲಿನ ಮಂಚದ ಮೇಲೆ ಅಂಗಿ ಕಂಡಂತೆಯೇ ನೋಡುತ್ತಿದ್ದೆವು. ಪಂಪಿನ ಪಾಠದಲ್ಲಿ ನಿದ್ದೆ ಮಾಡುತ್ತಿದ್ದ ನಾನು ಇಲ್ಲಿ ರೆಪ್ಪೆ ಮಿಟುಕಿಸುತ್ತಿರಲಿಲ್ಲ. ನನ್ನ ಕೋಣೆಯ ಗೆಳತಿಯಂತೂ ನಿಂತಲ್ಲಿ ನಡೆದಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ಅವಳನ್ನು ನಾವು ಕರೆಯುತ್ತಿದ್ದುದೇ ಟಿಪ್ಪಣಿ ಎಂದು. ಮೆಟ್ಟಿಲು ಹತ್ತುತ್ತ ಬರೆಯಲು ಹೋಗಿ ಎರಡು ಸಲ ಬಿದ್ದಿದ್ದಳು, ಬಿದ್ದಮೇಲೂ ಬರೆದಿದ್ದಳು.

ಮೊದಲ ತಿಂಗಳು ಎಲ್ಲ ರಾಜರೂ ಸುಖವಾಗಿದ್ದರು. ಆಮೇಲೆ ಒಂದು ಶನಿವಾರ, ಬೆಟ್ಟದ ಕೋಟೆಯ ಹೆಬ್ಬಾಗಿಲಲ್ಲಿ, ರಾಜನ ಅಕ್ಕ ಪಲ್ಲಕ್ಕಿಯಲ್ಲಿ ಬಂದಳು. ಗಂಡುಮಕ್ಕಳ ಮೇಲೆ ಮುನಿಸಿಕೊಂಡು ಎರಡು ದಿನಕ್ಕೆಂದು ಬಂದವಳು ಪೆಟ್ಟಿಗೆ ಬಿಚ್ಚಿದಳು. ಮುಂದಿನ ವಾರ ಹೋದದ್ದು ಬೇರೆ ಊರು, ಬೇರೆ ವಂಶ, ಇನ್ನೂರು ಮುನ್ನೂರು ವರ್ಷ ಈಚಿನ ಅರಮನೆ. ಅಲ್ಲಿಗೂ ಒಬ್ಬ ಅಕ್ಕ ಬಂದಳು. ಅವಳೂ ಪೆಟ್ಟಿಗೆ ಬಿಚ್ಚಿದಳು. ಅದರ ಮುಂದಿನ ವಾರ ನಾಣ್ಯ ಟಂಕಿಸುತ್ತಿದ್ದ ಕಟ್ಟಡ. ಅಲ್ಲಿ ಅಕ್ಕನಿಗೇನು ಕೆಲಸ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಆಕೆ ಹಿಂಬಾಗಿಲಿನಿಂದ ಬಂದು ಅಡುಗೆಮನೆಯ ಬೀಗದ ಕೈ ಕೇಳಿದಳು. ಅಲ್ಲಿಂದ ಮುಂದೆ ಶನಿವಾರಕ್ಕೊಬ್ಬ ರಾಣಿ ತವರಿಗೆ ಹೊರಡತೊಡಗಿದಳು.

"ನೋಡಿದೆಯಾ, ಈ ದೇಶದ ರಾಜ್ಯಗಳೆಲ್ಲ ಹಾಳಾಗಿದ್ದು ಅಕ್ಕಂದಿರಿಂದ. ಇದು ಯಾರೂ ಹಿಡಿಯದ ಅಂಶ," ಎಂದಳು ಟಿಪ್ಪಣಿ. ಅವಳ ಕಣ್ಣು ಹೊಳೆಯುತ್ತಿತ್ತು. ತರಗತಿಯಲ್ಲಿ ಎಲ್ಲರಿಗಿಂತ ಜಾಣೆ ಅವಳೇ. ಆದ್ದರಿಂದ ನಾವೆಲ್ಲ ಅವಳ ಟಿಪ್ಪಣಿ ಇಸಿದುಕೊಂಡು, ಅಲ್ಲಲ್ಲಿ ಮಾತು ಬದಲಾಯಿಸಿ, ಪ್ರಬಂಧ ಬರೆದು ಕೊಟ್ಟು ಕೈ ತೊಳೆದುಕೊಂಡೆವು.

ಕೊಟ್ಟ ಮರುವಾರವೇ ಮಹಾರಾಜ ಗುಂಡಿ ಕಿತ್ತುಹೋದ ಅಂಗಿಯಲ್ಲಿ ಬಂದ. ಊಟದ ಡಬ್ಬಿ ಇರಲಿಲ್ಲ, ಕಾಗದದಲ್ಲಿ ಸುತ್ತಿದ ಒಣಬ್ರೆಡ್ಡು. ಅಂದು ನೋಡಿದ್ದು ಒಬ್ಬ ರಾಜನ ಗೋರಿ. "ಇಲ್ಲಿ ಒಬ್ಬನೇ ಮಲಗಿದಾನೆ. ಪಕ್ಕದ ಜಾಗ ಖಾಲಿ, ನೋಡಿ" ಎಂದವನು ಮುಂದೆ ಹೇಳಲಾರದೆ ಕೋಲಿನ ಕೆಂಪು ಬಟ್ಟೆಯಲ್ಲೇ ಮೂಗೊರೆಸಿಕೊಂಡ. ಎಂದೋ ಸತ್ತ ರಾಜನಿಗಾಗಿ ಈತ ಯಾಕೆ ಅಳುತ್ತಾನೆಂದು ಬಸ್ಸಿನ ಬಳಿ ಬಂದು ಡ್ರೈವರಣ್ಣನನ್ನು ಕೇಳಿದೆ.

"ರಾಜ ಎಲ್ಲಿಂದ ಬಂದನಮ್ಮ, ಇವನದೇ ಸಂಸಾರ" ಎಂದ ಡ್ರೈವರಣ್ಣ. "ಇವನ ಅಕ್ಕ ಬಂದು ಕೂತಳು. ಹೆಂಡ್ತಿಗೂ ಅವಳಿಗೂ ಅಡುಗೆಮನೇಲಿ ಸರಿಬರಲಿಲ್ಲ. ಹೆಂಡ್ತಿ ತವರಿಗೆ ಹೋಗಿ ಎರಡು ತಿಂಗಳಾಗ್ತಾ ಬಂತು. ಇವನು ಅವಳಿಗೂ ಒಂದು ಮಾತು ಹೇಳಲಿಲ್ಲ, ಇವಳಿಗೂ ಹೇಳಲಿಲ್ಲ. ಬಿಸಿ ತುಪ್ಪ, ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ. ಅವಳು ಇನ್ನು ಬರೋದು ಅನುಮಾನ. ಅಲ್ಲೇ ಹೊಲಿಗೆ ಅಂಗಡಿ ಹಾಕ್ತಾಳಂತೆ."

ದಿನವಿಡೀ ಊರಿನ ಕಿವಿ ತುಂಬುವವನು ಮನೆಯಲ್ಲಿ ತುಟಿ ಪಿಟಕ್ಕೆನ್ನುವುದಿಲ್ಲವೆಂದರೆ ಏನು ಹೇಳುವುದು! ಅವನನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಅಷ್ಟರಲ್ಲಿ ಪ್ರಬಂಧ ನೆನಪಾಯಿತು. ಇಪ್ಪತ್ತು ಚಿಲ್ಲರೆ ಜನ ಸೇರಿ ಒಬ್ಬ ಗೈಡಿನ ಅಡುಗೆಮನೆಯನ್ನು ಇತಿಹಾಸದ ಮೇಡಂಗೆ ಒಪ್ಪಿಸಿಬಿಟ್ಟಿದ್ದೆವು.

ಮೇಡಂ ಪ್ರಬಂಧದ ಕಟ್ಟನ್ನು ಮೇಜಿನ ಮೇಲೆ ಕುಕ್ಕಿದರು. ಎಲ್ಲಕ್ಕೂ ಸೊನ್ನೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಆ ಕೂಸು ನಾವೇ.

"ಇದು ಯಾವ ಗ್ರಂಥದಲ್ಲಿದೆ?" ಎಂದು ಕೇಳಿ ಒಂದನ್ನು ಎತ್ತಿ ಓದಿದರು. "'ಅಕ್ಕನು ಸಕ್ಕರೆಯ ಡಬ್ಬಿಯನ್ನು ಬಲಗೂಡಿನಿಂದ ಎಡಗೂಡಿಗೆ ಸರಿಸಿ, ಆ ಜಾಗದಲ್ಲಿ ಉಪ್ಪಿನದನ್ನು ಇಟ್ಟಳು. ರಾಣಿಯು ಸಕ್ಕರೆಯೆಂದು ಬಗೆದು ಚಹಾಕ್ಕೆ ಉಪ್ಪು ಬೆರೆಸಿದಳು. ಅಕ್ಕ ನಕ್ಕಳು. ರಾಜನು ಉಪ್ಪು ಚಹಾವನ್ನು ಕುಡಿದು ಸುಮ್ಮನಾದನು. ಅಂದು ಸಂಜೆಯೇ ರಾಣಿಯು ತವರಿಗೆ ತೆರಳಿದಳು.' ಅಲ್ರಪ್ಪಾ, ಈ ನಾಡಿಗೆ ಚಹಾ ಬಂದಿದ್ದೇ ಆ ರಾಜ ಸತ್ತು ಮುನ್ನೂರು ವರ್ಷಕ್ಕೆ!"

"ಅದಕ್ಕೇ ಮೇಡಂ, ಇದು ಹೊಸ ಅಂಶ" ಎಂದಳು ಟಿಪ್ಪಣಿ. ನಾನು ಅವಳ ಜಡೆ ಹಿಡಿದು ಕೂರಿಸಿದೆ.

ಮುಂದಿನದನ್ನು ಮೇಡಂ ಆಮೇಲೆ ತಾವೇ ನಗುತ್ತ ಹೇಳಿದರು. ಅವರು ಹುಡುಗಿಯಾಗಿದ್ದಾಗ ಅರಮನೆ ತೋರಿಸಿದ್ದು ಆ ಹಿರಿಯ ಗೈಡೇ ಅಂತೆ. ಇಂಥ ರಾಣಿಯೊಬ್ಬಳು ಇದ್ದಳೋ ಎಂದು ವಿಚಾರಿಸಲು ಆತನ ಮನೆಗೆ ಫೋನು ಹಚ್ಚಿದರು. ಮುದುಕ ತೀರಿಕೊಂಡಿದ್ದ. ಫೋನು ಎತ್ತಿದ್ದು ತವರಿಗೆ ಬಂದಿದ್ದ ಮಗಳು, ಅಂದರೆ ಮಹಾರಾಜನ ಹೆಂಡತಿ. ಇದು ಗೊತ್ತಿಲ್ಲದ ಮೇಡಂ ಪ್ರಬಂಧದ ಆ ಸಾಲುಗಳನ್ನು ಸಾವಕಾಶವಾಗಿ ಓದಿ ಹೇಳಿದರು.

"ಎಡಗೂಡು ಅಲ್ಲ ಮೇಡಂ, ಮೇಲ್ಗೂಡು" ಎಂದಳಂತೆ ಆಕೆ. "ನನಗೆ ಕೈ ಎಟುಕದಷ್ಟು ಮೇಲೆ. ಶನಿವಾರ ಆ ಬಸ್ಸು ಎಲ್ಲಿಗೆ ಬರುತ್ತೆ?"

ಆ ಶನಿವಾರ ಹೋದದ್ದು ಕೆರೆಯ ಪಕ್ಕದ ಅರಮನೆಗೆ. ಮೇಡಂ ಕೂಡ ಬಂದಿದ್ದರು. ಬಾಗಿಲಲ್ಲಿ ಒಬ್ಬ ಹೆಂಗಸು ಕೊಡೆ ಹಿಡಿದು ನಿಂತಿದ್ದಳು. ಕುಳ್ಳಗೆ, ನೆಟ್ಟಗೆ, ಇನ್ನೊಂದು ಕೈಯಲ್ಲಿ ಚೀಲ ಹಿಡಿದುಕೊಂಡು. ಮಹಾರಾಜ ಟಿಕೆಟ್ಟಿನ ಗಲಾಟೆಯಲ್ಲಿದ್ದ, ನೋಡಲಿಲ್ಲ. ಆಕೆ ಸದ್ದಿಲ್ಲದೆ ನಮ್ಮ ಹಿಂದೆ ಸೇರಿಕೊಂಡಳು. ಆಸ್ಥಾನ, ಆಯುಧಶಾಲೆ ಎಲ್ಲ ಮುಗಿಸಿ ರಾಣಿಯ ಕೋಣೆಗೆ ಬಂದೆವು. ಬರಿಯ ಕೋಣೆ. ಕಿಟಕಿಯ ಪಕ್ಕ ಒಂದು ಕಲ್ಲುಪೀಠ, ಮೇಲೆ ಪಾರಿವಾಳ.

ಮಹಾರಾಜ ನಿಟ್ಟುಸಿರಿಟ್ಟು ಶುರುಮಾಡಿದ. "ರಾಣಿ ಹೋದಳು. ರಾಜ ಎಷ್ಟು ಕರೆದರೂ ಬರಲಿಲ್ಲ."

"ಎಷ್ಟು ಸಲ ಕರೆದ?" ಎಂದಿತು ಹಿಂದಿನಿಂದ ಒಂದು ದನಿ.

ಮಹಾರಾಜನ ಕೈಯ ಕೋಲು ನೆಲಕ್ಕೆ ಬಿತ್ತು. ಪಾರಿವಾಳ ಹಾರಿಹೋಯಿತು. ನಾವೆಲ್ಲ ಎರಡು ಪಾಲಾಗಿ ಸರಿದು ದಾರಿ ಬಿಟ್ಟೆವು. ಆಕೆ ಮಾತ್ರ ನಿಂತಲ್ಲೇ ನಿಂತಳು.

"ರಾಜ... ಮನಸ್ಸಲ್ಲೇ ಬಹಳ ಸಲ ಕರೆದ" ಎಂದ ಮಹಾರಾಜ.

"ಮನಸ್ಸಲ್ಲಿ ಕರೆದರೆ ಊರಾಚೆಗೆ ಕೇಳುತ್ತಾ?"

"ರಾಣಿಗೇ ಗೊತ್ತಾಗಬೇಕಿತ್ತು."

"ರಾಣಿಗೇನು ಕನಸು ಬೀಳುತ್ತಾ?"

"ರಾಜನಿಗೆ ಅಕ್ಕ ಅಂದ್ರೆ ತಾಯಿ ಥರ. ಎತ್ತಿ ಆಡಿಸಿದವಳು. ಮಕ್ಕಳ ಹತ್ರ ಬೈಸಿಕೊಂಡು ಬಂದವಳನ್ನ ಹೊರಗೆ ಹಾಕೋಕಾಗುತ್ತಾ?"

"ಹೊರಗೆ ಹಾಕು ಅಂತ ರಾಣಿ ಯಾವತ್ತು ಅಂದಳು?" ಆಕೆಯ ದನಿ ಏರಿತು. "ಅಡುಗೆಮನೆ ಇವಳದು, ಹಾಗೇ ಇರಲಿ ಬಿಡು ಅಂತ ಒಂದು ಮಾತು ಹೇಳು ಅಂದಳು. ಒಂದೇ ಒಂದು ಮಾತು. ರಾಜ ಏನು ಮಾಡಿದ? ಟವೆಲ್ ಹೆಗಲಿಗೆ ಹಾಕ್ಕೊಂಡು ಸ್ನಾನಕ್ಕೆ ಹೋದ!"

ಟಿಪ್ಪಣಿ ತಲೆಯೆತ್ತದೆ ಬರೆಯುತ್ತಿದ್ದಳು. "ಅದು ಇದೇ ಅರಮನೆಯ ಸ್ನಾನಗೃಹನಾ?" ಎಂದು ಕೇಳಿದಳು. ಮೇಡಂ ಅವಳ ಕೈಯಿಂದ ಪೆನ್ನು ಕಿತ್ತುಕೊಂಡರು.

ಬಾಗಿಲ ಕಾವಲುಗಾರ ಒಳಗೆ ಬಂದು ಗೋಡೆಗೊರಗಿದ. ಬೇರೆ ಗುಂಪಿನ ನಾಲ್ಕಾರು ಜನ, ಇಲ್ಲಿನ ಗೈಡು ಚೆನ್ನಾಗಿ ಹೇಳುತ್ತಾನೆಂದುಕೊಂಡು ಬಂದು ಸೇರಿಕೊಂಡರು. ಮಹಾರಾಜನ ಮುಖ ಕೆಂಪಗಾಯಿತು. "ಆಗ ರಾಜ ಏನಂದುಕೊಂಡ ಅಂದ್ರೆ..." ಎಂದು ಮತ್ತೆ ಶುರುಮಾಡಲು ನೋಡಿದ.

"ರಾಜನ್ನ ಪಕ್ಕಕ್ಕಿಡು" ಎಂದಳು ಹೆಂಡತಿ. ಈಗ ಆಕೆಯ ದನಿ ಮೆಲ್ಲಗಾಗಿತ್ತು. "ಅವನು ಸತ್ತು ಮಣ್ಣಾಗಿದಾನೆ. ನೀನು ಹೇಳು. ಹೇಳೋಕೆ ಏನೂ ಇಲ್ಲ ಅಂದ್ರೆ ಅದನ್ನಾದ್ರೂ ಹೇಳು. ನಾನು ನಾಳೆ ಅಂಗಡಿ ಜಾಗಕ್ಕೆ ಮುಂಗಡ ಕೊಡಬೇಕು."

ಮಹಾರಾಜ ಬಾಯಿ ತೆರೆದ, ಮುಚ್ಚಿದ. ಸಾವಿರ ರಾಜರನ್ನು ಮಾತಾಡಿಸಿದ ಬಾಯಿ ಅದು. ಆಕೆ ಕೊಡೆಯನ್ನು ಕಂಕುಳಿಗಿಟ್ಟು ಬಾಗಿಲ ಕಡೆ ತಿರುಗಿದಳು. "ಹೇಳೋ ಮಾರಾಯ!" ಎಂದು ಯಾರೋ ಕೂಗಿದರು. ಕೂಗಿದ್ದು ನಾನೇ ಎಂದು ಆಮೇಲೆ ಗೊತ್ತಾಯಿತು.

"ನನಗೆ ಮನೆಗೆ ಹೋಗೋಕೆ ಬೇಜಾರು" ಎಂದ ಮಹಾರಾಜ. ಇಷ್ಟು ದಿನದಲ್ಲಿ ಅವನ ಬಾಯಿಂದ 'ನನಗೆ' ಎಂಬ ಮಾತು ಬಂದದ್ದು ಅದೇ ಮೊದಲು. "ನೀನು ಇಲ್ಲ. ನನಗೆ ಬೇಜಾರು. ಬಾ. ಅಕ್ಕನಿಗೆ ನಾನು ಹೇಳ್ತೀನಿ."

"ಯಾವಾಗ?"

"ಇವತ್ತು."

"ಸ್ನಾನಕ್ಕೆ ಮುಂಚೆನಾ, ಆಮೇಲಾ? ಈಗ ಹೇಳು. ಇಲ್ಲೇ."

ಮಹಾರಾಜ ಜೇಬಿನಿಂದ ಫೋನು ತೆಗೆದು ಒತ್ತಿದ. ಎಲ್ಲರಿಗೂ ಕೇಳುವ ಗುಂಡಿಯನ್ನು ಹೆಂಡತಿಯೇ ಒತ್ತಿದಳು. ಅಕ್ಕ ಎತ್ತಿಕೊಂಡದ್ದೇ ತಡ, ಕಣ್ಣು ಮುಚ್ಚಿಕೊಂಡು, "ಅಕ್ಕಾ, ಅಡುಗೆಮನೆ ಅವಳದು!" ಎಂದು ಕಿರುಚಿಬಿಟ್ಟ. ಆ ಕೂಗು ಮೂರು ಕೋಣೆ ಸುತ್ತಿ ವಾಪಸು ಬಂತು.

"ಅವಳದಲ್ಲದೆ ನನ್ನದೇನೋ?" ಎಂದಿತು ಫೋನು. "ಅಯ್ಯೋ ಮಂಕೇ! ನನ್ನ ಮಗ ತಪ್ಪಾಯ್ತು ಬಾಮ್ಮ ಅಂತ ಕರೆದು ಒಂದು ತಿಂಗಳ ಮೇಲಾಯ್ತು. ಹೋಗೋಣ ಅಂದ್ರೆ ಇವಳು ಮನೇಲಿಲ್ಲ. ನಿನಗೆ ಒಂದು ತುತ್ತು ಹಾಕೋರು ಯಾರು ಅಂತ ಕಾದುಕೊಂಡು ಕೂತಿದೀನಿ. ಯಾಕೆ ಹೋದಳೋ ಅಂತ ಎಷ್ಟು ಸಲ ಕೇಳಿದೆ! ಪ್ರತಿ ಸಲಾನೂ ಟವೆಲ್ ತಗೊಂಡು ಹೋಗ್ತೀಯ. ಊಟ ಕಟ್ಟಿಕೊಟ್ರೂ ಬಿಟ್ಟು ಹೋಗ್ತೀಯ. ಸಕ್ಕರೆ ಡಬ್ಬಿ ಮೇಲಿಟ್ಟಿದ್ದು ಇರುವೆ ಬರ್ತಿತ್ತು ಅಂತ ಕಣೋ. ಅವಳಿಗೆ ಅದೇ ಬೇಜಾರಾಯ್ತಾ? ನನಗೆ ಹೇಳಬಾರದಿತ್ತಾ?"

ಅವಳು ಹೋಗಿದ್ದಾಳೆಂದು ಇವಳು ಕೂತಿದ್ದಳು, ಇವಳು ಕೂತಿದ್ದಾಳೆಂದು ಅವಳು ಬಂದಿರಲಿಲ್ಲ. ನಡುವೆ ಈ ಮನುಷ್ಯ ದಿನಕ್ಕೆರಡು ಸಲ ಸ್ನಾನ ಮಾಡಿಕೊಂಡಿದ್ದ. ಹೆಂಡತಿ ಕಿಟಕಿಯ ಕಲ್ಲುಪೀಠದ ಮೇಲೆ ಕುಸಿದು ಕುಳಿತಳು. ಅಳುತ್ತಿದ್ದಾಳೆಂದು ಮೇಡಂ ಹತ್ತಿರ ಹೋದರು. ಆಕೆ ನಗುತ್ತಿದ್ದಳು. ನಗುತ್ತ ನಗುತ್ತ ಅತ್ತೂ ಬಿಟ್ಟಳು.

"ಅತ್ತಿಗೆ, ಇವತ್ತೇ ಹೊರಡಬೇಡಿ. ಊಟ ಮಾಡ್ಕೊಂಡು ನಾಳೆ ಹೋಗಿ" ಎಂದಳು ಫೋನಿಗೆ, ಮೂಗು ಒರೆಸಿಕೊಂಡು.

ಕಾವಲುಗಾರ ಚಪ್ಪಾಳೆ ತಟ್ಟಿದ. ಹೊರಗಿನಿಂದ ಬಂದು ಸೇರಿದ್ದ ಗುಂಪಿನವರೂ ತಟ್ಟಿದರು. ಅದರಲ್ಲೊಬ್ಬ ಮುದುಕ, "ಹಾಗಾದ್ರೆ ರಾಣಿ ವಾಪಸು ಬಂದಳು ಅನ್ನಿ" ಎಂದು ತೃಪ್ತಿಯಿಂದ ಮುಂದಿನ ಕೋಣೆಗೆ ಹೋದ. ಮಹಾರಾಜನಿಗೆ ಮಾತ್ರ ಮುಂದೆ ಹೇಳಲು ದನಿಯೇ ಉಳಿದಿರಲಿಲ್ಲ. ಉಳಿದ ಅರಮನೆಯನ್ನು ಆಕೆಯೇ ತೋರಿಸಿದಳು, ಅಪ್ಪನಿಂದ ಕೇಳಿದ್ದನ್ನು ಚುಟುಕಾಗಿ, ಇಸವಿ ಸಮೇತ. ಆ ರಾಣಿ ತವರಿಗೆ ಹೋದವಳೇ ಅಲ್ಲವಂತೆ. ಅವಳ ತವರು ಅದೇ ಬೀದಿಯ ಎದುರು ಸಾಲಿನಲ್ಲಿತ್ತಂತೆ. ಟಿಪ್ಪಣಿಗೆ ಇದರಿಂದ ಬಹಳ ನಿರಾಶೆಯಾಯಿತು. ಪ್ರಬಂಧವನ್ನು ಇನ್ನೊಂದು ಸಲ ಬರೆಯಲು ಮೇಡಂ ಒಪ್ಪಿದರು.

ವಾಪಸು ಬರುವಾಗ ಗಂಡ ಹೆಂಡತಿ ಮುಂದಿನ ಸೀಟಿನಲ್ಲಿ ಕುಳಿತರು. ಡ್ರೈವರಣ್ಣ ಅಭ್ಯಾಸಬಲದಿಂದ ಮೈಕು ಚಾಚಿದ. ಮಹಾರಾಜ ಅದನ್ನು ಅಲ್ಲೇ ಸಿಕ್ಕಿಸಿ ಹೆಂಡತಿಯ ಕಡೆ ತಿರುಗಿ ಕುಳಿತ. ಎರಡು ತಿಂಗಳದ್ದೋ, ಇಪ್ಪತ್ತೈದು ವರ್ಷದ್ದೋ, ಅಂತೂ ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದ. ನಾವೆಲ್ಲ ಉಸಿರು ಬಿಗಿಹಿಡಿದು, ಕತ್ತು ಚಾಚಿ, ಕಿವಿ ನಿಮಿರಿಸಿ ಕುಳಿತೆವು. ನಮಗೆ ಒಂದಕ್ಷರವೂ ಕೇಳಿಸಲಿಲ್ಲ.