ಆವಲಪ್ಪಣ್ಣನ ಕಂಬಳಿಯ ಮುಯ್ಯಿ

ಆವಲಪ್ಪಣ್ಣನನ್ನು ನಾನು ಮೊದಲು ಕಂಡದ್ದು ನನ್ನ ಮದುವೆಯ ದಿನ. ಕಂಡೆ ಅನ್ನುವುದಕ್ಕಿಂತ ಕೇಳಿದೆ ಅನ್ನಬೇಕು. ಮದುಮಗಳು ತಲೆ ಎತ್ತುವ ಹಾಗಿರಲಿಲ್ಲ. ನಾನು ಸೊಸೆಯಾಗಿ ಬಂದ ಬಾಗಲಗುಂಟೆಯಲ್ಲಿ ಮದುವೆಗೆ ಬಂದವರು ಕೊಡುವ ಉಡುಗೊರೆಯನ್ನು, ಅಂದರೆ ಮುಯ್ಯಿಯನ್ನು, ಇಂಥವರದು ಎಂದು ಚಪ್ಪರದಲ್ಲಿ ಕೂಗಿ ಹೇಳುತ್ತಿದ್ದವನು ಅವನೇ.

"ಹೆಣ್ಣಿನ ಸೋದರಮಾವ ನಂಜಪ್ಪನೋರ ಮುಯ್ಯಿ! ತಾಮ್ರದ ಬಿಂದಿಗೆ ಒಂದು! ತಳದಾಗೆ ನೆಗ್ಗು!"

ಚಪ್ಪರವೆಲ್ಲ ನಕ್ಕಿತು. ನಂಜಪ್ಪಮಾವ ಊಟ ಮಾಡದೆ ಹೊರಟುಹೋದರು. ಆಮೇಲೊಮ್ಮೆ ಆವಲಪ್ಪಣ್ಣನನ್ನು ಕೇಳಿದರೆ, "ಇದ್ದಿದ್ದ ಇದ್ದಂಗೆ ಕೂಗ್ಬೇಕು ರಾಮಕ್ಕ. ನಾಳೆ ಅವರ ಮನೆ ಮದುವೇಲಿ ಅಂಥದ್ದೇ ತಿರುಗ್ಸಿ ಕೊಡ್ಬೇಕಲ್ಲ ನೀನು" ಎಂದ. ನೆಗ್ಗಿದ ಬಿಂದಿಗೆಯನ್ನೇ ಹುಡುಕಿ ತರಬೇಕೇನೋ ಎಂದು ನಾನು ಕೇಳಲಿಲ್ಲ.

ಅವನಿಂದ ಯಾರೂ ಮುಯ್ಯಿ ಮಾಡಿಸಿಕೊಳ್ಳುತ್ತಿರಲಿಲ್ಲ. ಕೂಗುವವನ ಗಂಟಲೇ ಅವನ ಮುಯ್ಯಿ ಎಂದು ಊರಿನ ಲೆಕ್ಕ. ಹೀಗಾಗಿ ಊರವರ ಹೆಸರೆಲ್ಲ ಕೂಗಿದವನ ಹೆಸರನ್ನು ಒಬ್ಬರೂ ಕೂಗಿರಲಿಲ್ಲ.

ಪೀಣ್ಯದಲ್ಲಿ ಕಾರ್ಖಾನೆಗಳೆದ್ದ ಮೇಲೆ ಅವನು ಒಂದರಲ್ಲಿ ವಾಚ್‌ಮನ್ ಆದ. ನನ್ನ ಯಜಮಾನರು ಹೋದ ಮೇಲೆ ನಾನೂ ಅದೇ ಕಾರ್ಖಾನೆಯ ಕ್ಯಾಂಟೀನಿಗೆ ಪಾತ್ರೆ ತೊಳೆಯಲು ಸೇರಿದೆ. ಎಂಬತ್ತೆಂಟರ ಡಿಸೆಂಬರಿನಲ್ಲಿ ರಷ್ಯಾದ ಕಡೆಯ ಆರ್ಮೇನಿಯಾದಲ್ಲಿ ಭೂಮಿ ನಡುಗಿ, ಆ ಚಳಿಯಲ್ಲಿ ಜನ ಬೀದಿಗೆ ಬಿದ್ದರು. ಯೂನಿಯನ್ ಲೀಡರ್ ಆಂಜಿನಪ್ಪ ಗೇಟಿನ ಮುಂದೆ ಮೇಜು ಹಾಕಿ ಕಂಬಳಿ ಕೂಡಿಸಲು ನಿಂತ. ಕೊಡುವುದು ಅಂದ ಮೇಲೆ ಆವಲಪ್ಪಣ್ಣನಿಗೆ ಅದು ಮುಯ್ಯಿಯೇ.

"ಯಾರ ಮನೇಗೆ ಅಂತ ಕೂಗ್ಲಿ? ಯಜಮಾನ್ರ ಹೆಸ್ರೇನು?"

"ಊರಿಗೂರೇ ಬಿದ್ದೈತೆ ಕಣಣ್ಣ, ಯಾರ ಹೆಸ್ರು ಅಂತ ಹೇಳ್ಲಿ?" ಎಂದ ಆಂಜಿನಪ್ಪ.

"ಅಂಗಾದ್ರೆ ಬೀಗರಿಗೆ ಅಂತೀನಿ ಬಿಡು."

ಶುರುವಾಯಿತು. "ಫಿಟ್ಟರ್ ಗೋಪಾಲಪ್ಪನೋರ ಮುಯ್ಯಿ, ಬೀಗರಿಗೆ! ಕಂಬಳಿ ಒಂದು! ನಡುವೆ ಬೀಡಿ ಸುಟ್ಟ ಗುರುತು!"

ಗೋಪಾಲಪ್ಪ ಅದನ್ನು ಕಿತ್ತುಕೊಂಡು ಹೋಗಿ ಹೊಸದು ತಂದ. ಅವನನ್ನು ನೋಡಿ ಮಿಕ್ಕವರೂ ಒಳ್ಳೊಳ್ಳೆಯದನ್ನೇ ತಂದರು.

ಆವಲಪ್ಪಣ್ಣನ ಕಂಬಳಿ ಮಾತ್ರ ಬೆಳಗಿನಿಂದ ಅವನ ಕಂಕುಳಲ್ಲೇ ಇತ್ತು. "ಏನಣ್ಣ, ಬೀಗರಿಗೆ ಕೊಡೋಕೆ ಮನಸ್ಸು ಬರ್ತಿಲ್ವಾ?" ಎಂದು ಗೋಪಾಲಪ್ಪ ಸೇಡು ತೀರಿಸಿಕೊಂಡ. ಸಂಜೆ ಲಾರಿ ಹೊರಡಲು ಸಿದ್ಧವಾಯಿತು.

"ಇಡಣ್ಣ ಬೇಗ" ಎಂದ ಆಂಜಿನಪ್ಪ.

"ಕೂಗ್ದೆ ಇಟ್ರೆ ಅದು ಮುಯ್ಯಿ ಅಲ್ಲ. ನನ್ನದು ನಾನೇ ಕೂಗ್ಕೊಂಡ್ರೆ ಮರ್ಯಾದೆ ಅಲ್ಲ."

ಆಂಜಿನಪ್ಪ ತಾನೇ ಕೂಗಲು ಕೈ ಮೇಲೆತ್ತಿ ಬಾಯಿ ತೆರೆದರೆ ಘೋಷಣೆಯ ದನಿ ಬಂತು.

"ಇದು ಸ್ಟ್ರೈಕ್ ಅಲ್ಲ ಕಣಯ್ಯ, ಸುಮ್ಕಿರು" ಎಂದು ಆವಲಪ್ಪಣ್ಣ ನನ್ನ ಕಡೆ ತಿರುಗಿದ. "ರಾಮಕ್ಕ, ನೀನು ಕೂಗು."

"ಗಂಡ ಇಲ್ಲದೋಳು ಕಣಣ್ಣ ನಾನು. ಮುಯ್ಯಿ ಹತ್ರ ಸುಳೀಬಾರದು."

"ಮನೆ ಬಿದ್ದಿರೋ ಬೀಗರು, ಅವ್ರು ಏನೂ ಅಂದ್ಕೊಳಲ್ಲ. ಕೂಗು."

ಸೆರಗು ಬಿಗಿದುಕೊಂಡು ಕೂಗಿದೆ. "ವಾಚ್‌ಮನ್ ಆವಲಪ್ಪನೋರ ಮುಯ್ಯಿ! ಬೀಗರಿಗೆ! ಕಂಬಳಿ ಒಂದು!"

ಅಷ್ಟಕ್ಕೇ ನಿಲ್ಲಿಸಿದೆ. ಲಾರಿ ಹೋಯಿತು.

ಮಾರನೆಯ ದಿನ ತನ್ನ ತಂಗಿಯ ಊರಿಗೆ ಹೋದ ಆವಲಪ್ಪಣ್ಣ ಅಲ್ಲೇ ತೀರಿಕೊಂಡ. ಹಾಗಾಗಿ ನನ್ನ ಹತ್ತಿರ ಅವನು ಕೊನೆಗೆ ಆಡಿದ ಮಾತು ಆ ಸಂಜೆಯದೇ. ಗೇಟು ಎಳೆದು, ಚಿಲಕ ಹಾಕಿ, ಹುಬ್ಬು ಗಂಟಿಕ್ಕಿಕೊಂಡು ಕೇಳಿದ:

"ಮೂಲೇಲಿ ಇಲಿ ಕಡಿದಿರೋ ತೂತು ಯಾಕೆ ಕೂಗ್ಲಿಲ್ಲ ರಾಮಕ್ಕ?"